ಸೊನ್ನೆ ಡೋಸು

ಮಾರ್ಚ್ 3, ಸೋಮವಾರ

ನಮ್ಮ ಯಜಮಾನರ ಡ್ರೈವಿಂಗ್ ಸ್ಕೂಲಿನ ಡೈರಿಗಳು ಈ ವರ್ಷವೂ ಒಂದು ಕಟ್ಟು ಉಳಿದಿವೆ. ಪ್ರತಿ ಪುಟದ ಅಡಿಯಲ್ಲೂ ಒಂದೊಂದು ರಸ್ತೆ ನಿಯಮ. ಇವತ್ತಿನದು ‘ತಿರುಗುವ ಮುನ್ನ ಕನ್ನಡಿ ನೋಡಿ’. ಕೇಳಿ ಒಂದು ಡೈರಿ ಇಸಿದುಕೊಂಡೆ. ಯಾರ ಹತ್ತಿರವೂ ಹೇಳಿಕೊಳ್ಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ.

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಇವರು ‘ತಕ್ಕಡಿ ನೋಡ್ಕೊಳ್ಳೋಳು’ ಅನ್ನುತ್ತಾರೆ. ಅದೇನೂ ಸುಳ್ಳಲ್ಲ. ಕ್ಯಾನ್ಸರಿನವರಿಗೆ ರೇಡಿಯೇಷನ್ ಕೊಡುವ ಮೆಷಿನ್ ಡಾಕ್ಟರು ಬರೆದಷ್ಟೇ ಕೊಡುತ್ತಿದೆಯೇ, ಬರೆದ ಜಾಗಕ್ಕೇ ಕೊಡುತ್ತಿದೆಯೇ ಎಂದು ಅಳೆದು ಸಹಿ ಹಾಕುವುದು ನನ್ನ ಕೆಲಸ. ನಾನು ಸಹಿ ಹಾಕದೆ ಬೆಳಗ್ಗೆ ಮೆಷಿನ್ ಶುರುವಾಗುವಂತಿಲ್ಲ.

ಇವತ್ತು ಆಡಿಟ್ ಫಲಿತಾಂಶ ಬಂತು. ವರ್ಷಕ್ಕೊಮ್ಮೆ ಹೊರಗಿನ ಸಂಸ್ಥೆಯವರು ಅಂಚೆಯಲ್ಲಿ ಗುಳಿಗೆಯಂಥ ಪುಟ್ಟ ಡಬ್ಬಿಗಳನ್ನು ಕಳಿಸುತ್ತಾರೆ. ಮೆಷಿನ್ ಕೆಳಗಿಟ್ಟು, ಇಂತಿಷ್ಟು ಕೊಟ್ಟಿದ್ದೇವೆ ಎಂದು ಬರೆದು ವಾಪಸ್ ಕಳಿಸಬೇಕು. ಕೊಟ್ಟದ್ದು ನಿಜಕ್ಕೂ ಅಷ್ಟೇನಾ ಎಂದು ಅವರು ಅಳೆದು ಹೇಳುತ್ತಾರೆ. ಹದಿನೇಳು ವರ್ಷದಲ್ಲಿ ಒಂದು ಪರ್ಸೆಂಟಿಗಿಂತ ಹೆಚ್ಚು ವ್ಯತ್ಯಾಸ ಬಂದದ್ದಿಲ್ಲ. ಈ ಸಲ 2.9 ಕಡಿಮೆ.

ಅವರೇ ಎಡವಿದ್ದಾರೆ ಅಂದುಕೊಂಡೆ. ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ವಾಪಸ್ ತಂದೆ.

ಮಾರ್ಚ್ 5, ಬುಧವಾರ

ಎಡವಿದ್ದು ಅವರಲ್ಲ.

ನಾನು ಡೋಸ್ ಅಳೆಯುವ ಚೇಂಬರ್ ಅಂದರೆ ಬೆರಳಿನಷ್ಟು ಕೊಳವೆ, ಅದರ ಒಳಗಿರುವುದು ಬರೀ ಗಾಳಿ. ಆ ದಿನದ ಗಾಳಿಯ ಒತ್ತಡ ಎಷ್ಟೆಂದು ಸರಿಯಾಗಿ ಹೇಳಿದರೆ ಮಾತ್ರ ಅದರ ಲೆಕ್ಕ ಸರಿ. ಒತ್ತಡ ಹೇಳುವುದು ನನ್ನ ಕೋಣೆಯ ಗೋಡೆಯ ಬ್ಯಾರೋಮೀಟರ್. ಹೋದ ಜೂನಿನಲ್ಲಿ ಕೋಣೆಗೆ ಬಣ್ಣ ಬಳಿದಾಗ ಅದನ್ನು ಇಳಿಸಿದ್ದೂ ನಾನೇ, ಮತ್ತೆ ತೂಗುಹಾಕಿದ್ದೂ ನಾನೇ. ಆಗೆಲ್ಲೋ ಪೆಟ್ಟು ತಿಂದಿದೆ. ಪಕ್ಕದ ಆಸ್ಪತ್ರೆಯಿಂದ ಇನ್ನೊಂದನ್ನು ತರಿಸಿ ಜೊತೆಗಿಟ್ಟರೆ ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ. ಜೂನಿನಲ್ಲಿ ಮೆಷಿನ್ ಹೆಚ್ಚು ಕೊಡುತ್ತಿದೆ ಎಂದು ನನಗೆ ತೋರಿತ್ತು. ನಾನು ತಗ್ಗಿಸಿದೆ. ಸರಿಯಿದ್ದದ್ದನ್ನು ತಗ್ಗಿಸಿದೆ.

ಆಗಲೇ ಒಬ್ಬರು ಹೇಳಿದ್ದರು ಕೂಡ. ಮೆಷಿನ್ ನಡೆಸುವ ನಮ್ಮ ಹಿರಿಯ ಟೆಕ್ನಾಲಜಿಸ್ಟ್, ಎಲ್ಲರೂ ದೊಡ್ಡಣ್ಣ ಅನ್ನುತ್ತೇವೆ. ಬೆಳಗಿನ ಚೆಕ್ ಮಾಡುವ ಡಬ್ಬಿಯೊಂದು ಬೇರೆ ಇದೆ, ಅದಕ್ಕೆ ಬ್ಯಾರೋಮೀಟರ್ ಬೇಕಿಲ್ಲ. ಆ ವಾರ ಅವರು ಬಂದು, “ಮೇಡಂ, ಡಬ್ಬಿ ಇದ್ದಕ್ಕಿದ್ದ ಹಾಗೆ ಮೂರು ಕಡಿಮೆ ತೋರಿಸ್ತಿದೆಯಲ್ಲ” ಅಂದರು. “ಡಬ್ಬಿಗೂ ವಯಸ್ಸಾಯ್ತು, ನಿಮ್ಮ ಹಾಗೆ” ಅಂದೆ. ಅವರು ನಕ್ಕರು. ಡಬ್ಬಿಯನ್ನು ನನ್ನ ಲೆಕ್ಕಕ್ಕೆ ಹೊಂದಿಸಿಬಿಟ್ಟೆ. ಅಂದಿನಿಂದ ಪಾಪ ಅದೂ ನನ್ನ ಸುಳ್ಳನ್ನೇ ಹೇಳುತ್ತಾ ಬಂತು.

ಒಂಬತ್ತು ತಿಂಗಳು. ಮುನ್ನೂರ ಹದಿನೆಂಟು ಜನ.

ಮಾರ್ಚ್ 7, ಶುಕ್ರವಾರ

ಮೀಟಿಂಗ್. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು, “ನೋಡಮ್ಮ, ಮೂರು ಪರ್ಸೆಂಟಿನ ಒಳಗಿದೆ. ಹೀಗಾಗಬಾರದಿತ್ತು, ಆಗಿದೆ. ಈಗ ಟ್ರೀಟ್‌ಮೆಂಟಲ್ಲಿ ಇರೋರಿಗೆ ಕಡಿಮೆ ಬಿದ್ದಿದ್ದು ಸೇರಿಸಿ ಕೊಡೋಣ. ಮುಗಿಸಿ ಹೋದೋರನ್ನ ಬೇಗ ಕರೆಸಿ ನೋಡೋಣ. ರಿಪೋರ್ಟ್ ಬರಿ.”

“ಮುಗಿಸಿ ಹೋದವರಲ್ಲಿ ಯಾರಿಗಾದರೂ ವಾಪಸ್ ಬಂದರೆ ಸರ್?”

“ಬರೋರಿಗೆ ಬರತ್ತೆ. ಯಾರಿಗೆ ಯಾತಕ್ಕೆ ಬಂತು ಅಂತ ನೀನೂ ಹೇಳೋಕಾಗಲ್ಲ, ನಾನೂ ಹೇಳೋಕಾಗಲ್ಲ.”

ಯಾರೂ ಬೈಯಲಿಲ್ಲ. ಬೈದು ಮುಗಿಸಿದ್ದರೆ ಚೆನ್ನಾಗಿತ್ತು. ದೊಡ್ಡಣ್ಣ ಬಾಗಿಲ ಹತ್ತಿರ ಕೂತಿದ್ದರು. ಒಂದು ಮಾತು ಆಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ‘ನಾನು ಹೇಳಿದ್ದೆ’ ಅನ್ನುವ ಹಕ್ಕಿದ್ದ ಒಬ್ಬರೇ ಒಬ್ಬರು ಅವರು.

ಮಾರ್ಚ್ 12, ಬುಧವಾರ

ಹೊಸ ಕ್ರಮ ಹಾಕಿಕೊಂಡೆ. ಬ್ಯಾರೋಮೀಟರ್ ಒಂದಲ್ಲ, ಎರಡು. ಬೆಳಗಿನ ಅಳತೆ ಒಂದು ಸಲವಲ್ಲ, ಮೂರು ಸಲ. ಏಳಕ್ಕೆ ಹೋಗುತ್ತಿದ್ದವಳು ಆರಕ್ಕೆ ಹೋಗುತ್ತಿದ್ದೇನೆ. ಎಂಟಕ್ಕೆ ಶುರುವಾಗಬೇಕಾದ ಮೆಷಿನ್ ಎಂಟೂ ಇಪ್ಪತ್ತಕ್ಕೆ ಶುರುವಾಯಿತು. ಇಪ್ಪತ್ತು ನಿಮಿಷ ಏನು ಮಹಾ.

ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದ ಹಾಗಿದೆ. ಇವತ್ತು ಊಟದ ಡಬ್ಬಿ ಖಾಲಿ ಮಾಡಿಕೊಂಡು ಬಂದೆ.

ಮಾರ್ಚ್ 17, ಸೋಮವಾರ

ಹೊಸಬರೊಬ್ಬರು. ಬಸ್ ಕಂಡಕ್ಟರ್, ಐವತ್ತಾರು ವರ್ಷ, ಗಂಟಲಿನಲ್ಲಿ ಮಾತು ಹೊರಡುವ ಜಾಗದಲ್ಲೇ ಗೆಡ್ಡೆ. ಬೇಗ ಸಿಕ್ಕಿದೆ. ಡಾಕ್ಟರು ನೂರಕ್ಕೆ ಎಂಬತ್ತು ಭರವಸೆ ಕೊಟ್ಟಿದ್ದಾರೆ. ಮೂವತ್ತಮೂರು ದಿನ, ವಾರಕ್ಕೆ ಐದು. ಏಪ್ರಿಲ್ 30ಕ್ಕೆ ಮುಗಿಯಬೇಕು.

ಮೊದಲ ದಿನವೆಂದು ನಾನೂ ಒಳಗೆ ನಿಂತಿದ್ದೆ. ತಲೆ ಅಲುಗದಂತೆ ಮುಖಕ್ಕೆ ಮಾಸ್ಕ್ ಬಿಗಿಯುವ ಮೊದಲು ಅವರು ಒಡಕು ದನಿಯಲ್ಲಿ ಹೇಳಿದರು, “ಮೂವತ್ತು ವರ್ಷ ಮುಂದೆ ಹೋಗಿ, ಮುಂದೆ ಹೋಗಿ ಅಂತ ಕೂಗಿ ಕೂಗಿ ಗಂಟಲು ಕೆಟ್ಟಿದೆ ಅನ್ಕೊಂಡಿದ್ದೆ ಮೇಡಂ. ಯಾರೂ ಮುಂದೆ ಹೋಗ್ಲೂ ಇಲ್ಲ ನೋಡಿ.” ದೊಡ್ಡಣ್ಣ ನಗು ತಡೆಯಲಾಗದೆ ಮಾಸ್ಕಿನ ಗುಂಡಿ ತಪ್ಪಿಸಿದರು.

ಕೊನೆಯ ಪಾಳಿ ಕೇಳಿ ಪಡೆದಿದ್ದಾರೆ, ಸಂಜೆ ಐದೂ ನಲವತ್ತು. ಹೆಂಡತಿ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾರೆ, ಅವರ ಕೆಲಸ ಬಿಡುವುದು ನಾಲ್ಕೂವರೆಗೆ. “ಅವಳಿಲ್ದೆ ನಾನು ಆ ಕೋಣೆ ಹತ್ರ ಬರಲ್ಲ” ಅಂದರು. ಆರಕ್ಕೆ ಮೆಷಿನ್ ಮುಚ್ಚುತ್ತೇವೆ. ಸರಿಯಾಗಿ ಹೊಂದುತ್ತದೆ.

ಮಾರ್ಚ್ 26, ಬುಧವಾರ

ಎರಡು ಬ್ಯಾರೋಮೀಟರುಗಳ ನಡುವೆ ಸಣ್ಣ ವ್ಯತ್ಯಾಸ. ಯಾವುದನ್ನು ನಂಬುವುದು? ಮೂರನೆಯದು ತರಿಸಿದ್ದೇನೆ. ಅಳತೆ ಐದು ಸಲ ಮಾಡಿದೆ. ಮೆಷಿನ್ ಶುರುವಾದದ್ದು ಒಂಬತ್ತೂ ಹತ್ತಕ್ಕೆ. ಸಂಜೆ ಕೊನೆಯ ಮೂವರನ್ನು ನಾಳೆ ಬನ್ನಿ ಎಂದು ಕಳಿಸಬೇಕಾಯಿತು. ಕಂಡಕ್ಟರೂ ಅವರಲ್ಲಿ ಒಬ್ಬರು. ತೊಂದರೆಯಿಲ್ಲ, ಕೊನೆಗೆ ಒಂದು ದಿನ ಸೇರಿಸಿದರೆ ಆಯಿತು.

ಬೆಳಗ್ಗೆ ಬಸ್ ಸ್ಟಾಪಿನಿಂದ ವಾಪಸ್ ಬಂದು ಗ್ಯಾಸ್ ನೋಡಿದೆ. ಆಫ್ ಆಗಿಯೇ ಇತ್ತು. ನೋಡಿದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ದಿನವೆಲ್ಲ ತಲೆ ತಿನ್ನುತ್ತಿತ್ತು.

ಏಪ್ರಿಲ್ 4, ಶುಕ್ರವಾರ

ಅಳತೆ ಎಂಟು ಸಲ. ಎಂಟೂ ಒಂದೇ ಬಂದವು. ಒಂದೇ ಬಂದರೂ ಅನುಮಾನ. ಒಂಬತ್ತು ತಿಂಗಳು ನನ್ನ ಅಳತೆಗಳೆಲ್ಲ ಒಂದೇ ಬರುತ್ತಿದ್ದವಲ್ಲ.

ದೊಡ್ಡಣ್ಣ ಗಾಜಿನ ಆಚೆ ನಿಂತು ಗಡಿಯಾರ ತೋರಿಸಿದರು. ನಾನು ಕೈ ಎತ್ತಿ ‘ನಿಲ್ಲಿ’ ಅಂದೆ. ಮೊದಲಾಗಿದ್ದರೆ ಒಳಗೇ ಬಂದು ಏನಾದರೂ ತಮಾಷೆ ಮಾಡುತ್ತಿದ್ದರು. ಈಗ ಯಾರೂ ನನ್ನ ಮಾತಿಗೆ ಎದುರಾಡುವುದಿಲ್ಲ. ಆಡಿಟ್ಟಿನಿಂದ ಒಂದು ಉಪಯೋಗವಂತೂ ಆಗಿದೆ.

ಇಬ್ಬರು ವಾಪಸ್ ಹೋದರು. ಕಂಡಕ್ಟರು ಬೆಂಚಿನಿಂದ ಎದ್ದು, “ಡಿಪೋಗೆ ಹೋಗೋ ಗಾಡಿ, ಹತ್ತಬೇಡಿ ಅಂತೀರಾ? ಸರಿ” ಅಂದರು. ಹೆಂಡತಿ ನಗಲಿಲ್ಲ.

ಏಪ್ರಿಲ್ 8, ಮಂಗಳವಾರ

ಒಂದು ಉಪಾಯ ಹೊಳೆಯಿತು. ಹೊರಡುವಾಗ ಗ್ಯಾಸಿನ ನಾಬಿನ ಫೋಟೋ ತೆಗೆದುಕೊಳ್ಳುವುದು, ಬಾಗಿಲ ಚಿಲಕದ್ದೂ. ಅನುಮಾನ ಬಂದರೆ ಬಸ್ಸಿನಲ್ಲೇ ನೋಡಿಕೊಳ್ಳಬಹುದು. ಮಗಳು ಫೋನ್ ಕಿತ್ತುಕೊಂಡು ಸ್ಕ್ರೀನ್ ಸರಿಸುತ್ತಾ ಹೋದಳು. “ಅಮ್ಮಾ, ಇವತ್ತಿಂದೇ ಹನ್ನೊಂದಿದೆ.”

“ಮೊದಲ್ನೇದು ಮಸುಕಾಗಿತ್ತು.”

“ಮಿಕ್ಕ ಹತ್ತು?”

ಇವರು ತಟ್ಟೆಯಿಂದ ತಲೆ ಎತ್ತದೆ ಹೇಳಿದರು, “ನನ್ನ ಹತ್ರ ಒಬ್ಬರು ಕಲಿಯೋಕೆ ಬರ್ತಾರೆ ಕಣೇ. ಎಲ್ಲಾ ಗೊತ್ತು, ಆದ್ರೆ ಹೆಜ್ಜೆಹೆಜ್ಜೆಗೂ ಬ್ರೇಕ್. ಮುಂದಿನ ಗಾಡಿಗೆ ಗುದ್ದಬಾರ್ದು ಅಂತ. ಹಿಂದಿನೋರು ಬಂದು ಗುದ್ದಿದ್ರು ಮೊನ್ನೆ.” ನನಗೇ ಹೇಳಿದ್ದೆಂದು ಗೊತ್ತಾಯಿತು. ಇವರ ಕಾರಿನಲ್ಲಿ ತಪ್ಪಾದರೆ ಬಂಪರ್ ಹೋಗುತ್ತದೆ ಅಷ್ಟೇ.

ಏಪ್ರಿಲ್ 11, ಶುಕ್ರವಾರ

ನಿನ್ನೆ, ಇವತ್ತು ಮೆಷಿನ್ ನಿಲ್ಲಿಸಿದೆ. ಅಳತೆಯಲ್ಲಿ 0.6 ಪರ್ಸೆಂಟ್ ಏರಿಕೆ. ಎರಡರವರೆಗೆ ಬಿಡಬಹುದು ಎಂದು ನಿಯಮವಿದೆ, ನನಗೂ ಗೊತ್ತು. ಆದರೆ ಮೊನ್ನೆ 0.4 ಇತ್ತು. ಏರುತ್ತಿದೆ ಎಂದೇ ಅರ್ಥವಲ್ಲವೇ?

ಕಂಪನಿಯ ಇಂಜಿನಿಯರ್ ಬಂದು ಎರಡು ದಿನ ಬಿಚ್ಚಿ ನೋಡಿದರು. “ಏನೂ ಇಲ್ಲ ಮೇಡಂ. ಇಷ್ಟು ಚೆನ್ನಾಗಿರೋ ಮೆಷಿನ್ ನಾನು ನೋಡಿಲ್ಲ.”

“ಬರೆದುಕೊಡ್ತೀರಾ?”

ಬರೆದುಕೊಟ್ಟರು. ಕಾಗದ ಮನೆಗೆ ತಂದಿದ್ದೇನೆ. ‘ಏನೂ ಇಲ್ಲ’ ಅನ್ನುವುದಕ್ಕೂ ‘ಏನೂ ಸಿಗಲಿಲ್ಲ’ ಅನ್ನುವುದಕ್ಕೂ ವ್ಯತ್ಯಾಸವಿದೆ. ಅವರು ಎರಡನೆಯದನ್ನು ಬರೆದಿದ್ದಾರೆ.

ಏಪ್ರಿಲ್ 15, ಮಂಗಳವಾರ

ಮಗಳಿಗೆ ಪರೀಕ್ಷೆ. ಇವರಿಗೆ ಬೆಳಗ್ಗೆ ಕ್ಲಾಸ್ ಇದ್ದದ್ದರಿಂದ ನಾನೇ ಆಟೋದಲ್ಲಿ ಕರೆದುಕೊಂಡು ಹೊರಟೆ. ತಿರುವಿನಲ್ಲಿ ಒಂದು ಸಲ, ಸಿಗ್ನಲ್ ಹತ್ತಿರ ಇನ್ನೊಂದು ಸಲ ವಾಪಸ್ ತಿರುಗಿಸಿದೆ. ಎರಡನೇ ಸಲ ಅವಳು ಆಟೋದಿಂದ ಇಳಿದು ಓಡಿದಳು. ಹತ್ತು ನಿಮಿಷ ತಡವಾಗಿ ಒಳಗೆ ಬಿಟ್ಟರಂತೆ. ಸಂಜೆಯಿಂದ ನನ್ನೊಂದಿಗೆ ಮಾತಿಲ್ಲ.

ಪರೀಕ್ಷೆ ಇನ್ನೊಂದು ಬರೆಯಬಹುದು. ಮನೆ ಹೊತ್ತಿಕೊಂಡರೆ?

ಏಪ್ರಿಲ್ 17, ಗುರುವಾರ

5:10ಕ್ಕೆ ಹೋದೆ. ಅಳತೆ 14. ಶುರು 10:05. ವಾಪಸ್ ಕಳಿಸಿದ್ದು 6.

ಏಪ್ರಿಲ್ 22, ಮಂಗಳವಾರ

3:30ಕ್ಕೆ ಹೋದೆ. ಅಳತೆ 17. ಶುರು 8:20. ಕೈ ತೊಳೆದೂ ತೊಳೆದೂ ಬೆರಳ ಸಂದಿ ಬಿರಿದಿದೆ. ಸಹಿ ಹಾಕುವಾಗ ಉರಿಯುತ್ತದೆ.

ಏಪ್ರಿಲ್ 24, ಗುರುವಾರ

ನಿನ್ನೆ, ಇವತ್ತು ಸಹಿ ಹಾಕಲು ಆಗಲಿಲ್ಲ. ಹಾಳೆ ಮುಂದಿಟ್ಟುಕೊಂಡು ಕೂತೆ, ಪೆನ್ನು ಹಿಡಿದೆ. ಅಂಕಿಗಳೆಲ್ಲ ಸರಿಯಿದ್ದವು. ಸರಿಯಿವೆ ಎಂದು ಬರೆಯುವವಳು ಯಾರು? ಬ್ಯಾರೋಮೀಟರನ್ನು ತೂಗುಹಾಕಿದವಳೇ ಅಲ್ಲವೇ?

ದೊಡ್ಡಣ್ಣ ಒಳಗೆ ಬಂದು ಪಕ್ಕದಲ್ಲಿ ಕೂತರು. “ಮೇಡಂ, ಡಬ್ಬಿಯೂ ಸರಿ ಅಂತಿದೆ. ನಾನೂ ಸರಿ ಅಂತಿದ್ದೀನಿ. ನಲವತ್ತು ಜನ ಕಾಯ್ತಿದ್ದಾರೆ.”

“ಅವರ ಸಲುವಾಗಿಯೇ ನೋಡ್ತಿರೋದು” ಅಂದೆ. ದನಿ ಜೋರಾಯಿತೇನೋ. ಎದ್ದು ಹೋದರು. ಅರ್ಥ ಮಾಡಿಕೊಳ್ಳುವವರು ಯಾರೂ ಇಲ್ಲ.

ಏಪ್ರಿಲ್ 28, ಸೋಮವಾರ

ಬೆಳಗ್ಗೆ ದೊಡ್ಡ ಡಾಕ್ಟರು ನನ್ನ ಕೋಣೆಗೆ ಬಂದರು. ಸಾಮಾನ್ಯವಾಗಿ ನನ್ನನ್ನೇ ಕರೆಸುತ್ತಾರೆ. ಕೈಯಲ್ಲಿ ಹದಿನಾಲ್ಕು ಜನರ ಚಾರ್ಟು. ಬಾಗಿಲು ಹಾಕಿ ಕೂತರು.

“ದೊಡ್ಡಣ್ಣ ನಿನ್ನೆ ನಮ್ಮ ಮನೆಗೆ ಬಂದಿದ್ದರು. ಇವನ್ನೆಲ್ಲ ಎದುರಿಗಿಟ್ಟರು. ವಾರ ವಾರ ನಾನೇ ನೋಡಿದ್ದೀನಿ, ನೋಡಿಯೂ ಸುಮ್ಮನಿದ್ದೆ. ಆಡಿಟ್ ಆದ್ಮೇಲೆ ನಿನಗೆ ಬೇಗ ಮಾಡು ಅನ್ನೋಕೆ ಬಾಯಿ ಬರಲಿಲ್ಲ. ನನ್ನ ತಪ್ಪೂ ಇದೆ.”

“ಸರ್, ಮೆಷಿನ್ ಸುರಕ್ಷಿತವಾಗಿದೆ ಅಂತ ಖಾತ್ರಿ ಆಗದೆ…”

“ಮೆಷಿನ್ ನಿಲ್ಲಿಸಿದ ದಿನವೂ ಒಂದು ಡೋಸ್ ಕೊಟ್ಟಿರ್ತೀಯ ಕಣಮ್ಮ. ಸೊನ್ನೆ ಡೋಸ್. ಅದನ್ನ ಯಾವ ಪುಸ್ತಕದಲ್ಲಿ ಬರೆದಿದ್ದೀಯ?” ಕಂಡಕ್ಟರ ಚಾರ್ಟನ್ನು ನನ್ನ ಕಡೆ ತಳ್ಳಿದರು. “ಮಿಕ್ಕವರಿಗೆ ನಾಲ್ಕೈದು ದಿನ. ಇವರಿಗೆ ಏಳು. ಕೊನೆಯ ಪಾಳಿ ನೋಡು, ದಿನ ತಡವಾದಾಗೆಲ್ಲ ಬಾಲ ಕತ್ತರಿಸೋದು ಇವರದ್ದೇ. ಲೆಕ್ಕ ಹಾಕಿ ಕೊಡು.”

ತಪ್ಪಿದ ದಿನಗಳ ಲೆಕ್ಕ ಹಾಕುವುದು ನನ್ನದೇ ಕೆಲಸ. ಎಷ್ಟೋ ಸಲ ಮಾಡಿದ್ದೇನೆ, ಜ್ವರ ಬಂದು ಬಾರದವರಿಗೆ, ಬಸ್ಸು ಕೆಟ್ಟು ತಪ್ಪಿಸಿಕೊಂಡವರಿಗೆ. ಈ ಜಾಗದ ಗೆಡ್ಡೆ ಸುಮ್ಮನೆ ಕೂರುವುದಿಲ್ಲ. ನಾಲ್ಕು ವಾರ ಕಳೆದ ಮೇಲೆ ಬಿಡುವು ಸಿಕ್ಕರೆ ಸಾಕು, ಚಿಗುರಿಕೊಳ್ಳಲು ನೋಡುತ್ತದೆ. ಡೋಸಿನ ಲೆಕ್ಕ ಗ್ರೇಯಲ್ಲಿ, ಒಂದು ದಿನ ತಡವಾದರೆ ಸುಮಾರು 0.6 ಗ್ರೇಯಷ್ಟು ಕೊಟ್ಟೂ ಕೊಡದ ಹಾಗೆ. ಒಟ್ಟು ಕೊಡಬೇಕಾದ್ದು 66 ಗ್ರೇ. ಹೀಗೇ ಬಿಟ್ಟರೆ ಏಪ್ರಿಲ್ 30ರ ಬದಲು ಮೇ 9ಕ್ಕೆ ಮುಗಿಯುತ್ತದೆ. ಒಂಬತ್ತು ದಿನ. 5.4. ನೂರಕ್ಕೆ ಎಂಟು.

ಬ್ಯಾರೋಮೀಟರ್ ಕದ್ದದ್ದು ನೂರಕ್ಕೆ 2.9.

ಇನ್ನೊಮ್ಮೆ ಮಾಡಿದೆ. ಅಷ್ಟೇ ಬಂತು. ಮತ್ತೆ ಮಾಡಿದೆ. ಏಳು ಸಲ ಮಾಡಿದ ಮೇಲೆ ನಾನು ಎಣಿಸುತ್ತಿರುವುದು ನನಗೇ ಕೇಳಿಸಿತು, ಬಾಯಿಬಿಟ್ಟು ಎಣಿಸುತ್ತಿದ್ದೆ. ಡಾಕ್ಟರು ಇನ್ನೂ ಅಲ್ಲೇ ಕೂತಿದ್ದರು. ಎಷ್ಟು ಹೊತ್ತು ಕೂತಿದ್ದರೋ.

“ಅಳ್ಬೇಡ” ಅಂದರು. ಅಳುತ್ತಿದ್ದೇನೆಂದು ಗೊತ್ತಿರಲಿಲ್ಲ. “ಸರಿ ಮಾಡಬಹುದಾ, ಅದನ್ನ ಹೇಳು.”

ಇವತ್ತಿನದು ಬಿಟ್ಟು ಉಳಿದ ಒಂಬತ್ತು ಸಲದ್ದನ್ನು ದಿನಕ್ಕೆ ಎರಡರಂತೆ, ನಡುವೆ ಆರು ಗಂಟೆ ಬಿಟ್ಟು ಕೊಟ್ಟರೆ ಮೇ 5ಕ್ಕೆ ಮುಗಿಯುತ್ತದೆ. ಪೂರ್ತಿ ತುಂಬಿ ಬರುವುದಿಲ್ಲ. ಒಂದು ಭಾಗ ಹೋದದ್ದು ಹೋದಂತೆಯೇ. ಗಂಟಲೂ ಸುಟ್ಟ ಹಾಗಾಗುತ್ತದೆ, ನೀರು ನುಂಗಲೂ ಕಷ್ಟ.

“ಅವರಿಗೆ ನಾನು ಹೇಳ್ತೀನಿ” ಅಂದರು ಡಾಕ್ಟರು.

“ಬೇಡ ಸರ್. ನಾನೇ.”

ಏಪ್ರಿಲ್ 29, ಮಂಗಳವಾರ

ಬೆಳಗಿನ ಅಳತೆ ದೊಡ್ಡಣ್ಣ ಮಾಡಿದರು. ಪಕ್ಕದ ಆಸ್ಪತ್ರೆಯಲ್ಲಿ ನನ್ನದೇ ಕೆಲಸ ಮಾಡುವ ಫಿಸಿಸಿಸ್ಟ್ ಬಂದು ಸಹಿ ಹಾಕಿ ಹೋದರು. ಎಂಟಕ್ಕೆ ಸರಿಯಾಗಿ ಮೆಷಿನ್ ಶುರುವಾಯಿತು. ನಾನು ಕಾರಿಡಾರಿನಲ್ಲಿ ನಿಂತು ಕೇಳಿಸಿಕೊಂಡೆ.

ಸಂಜೆ ಗಂಡ ಹೆಂಡತಿ ಇಬ್ಬರನ್ನೂ ಕೋಣೆಗೆ ಕರೆದು ಕೂರಿಸಿದೆ. ನೀರು ಕೊಟ್ಟೆ. ಬ್ಯಾರೋಮೀಟರಿನಿಂದ ಹಿಡಿದು ಎಲ್ಲ ಹೇಳಿದೆ. ಮೆಷಿನ್ ಕೆಟ್ಟಿರಲಿಲ್ಲ, ನನಗೆ ಭಯವಾಗಿತ್ತು, ಆ ಭಯಕ್ಕೆ ನಿಮ್ಮ ಏಳು ದಿನ ಹೋಯಿತು ಎಂದೂ ಹೇಳಿದೆ. ಈ ವಾಕ್ಯವನ್ನು ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ. ಆದರೂ ನಡುವೆ ನಿಂತಿತು.

ಕಂಡಕ್ಟರು ನೆಲ ನೋಡುತ್ತಿದ್ದರು. ಹೆಂಡತಿಯೇ ಮಾತಾಡಿದ್ದು.

“ದಿನಾ ನಾಲ್ಕೂವರೆ ಆಗ್ತಿದ್ದ ಹಾಗೆ ಅರ್ಧ ಇಸ್ತ್ರಿ ಬಿಟ್ಟು ಓಡಿಬರ್ತಿದ್ದೆ. ಮೇಸ್ತ್ರಿ ಕೈಲಿ ಬೈಸ್ಕೊಂಡು. ಇವತ್ತಿಲ್ಲ, ನಾಳೆ ಬನ್ನಿ ಅಂತಿದ್ರಿ. ಮೆಷಿನ್ ಕೆಟ್ಟಿದೆ ಅಂತ ನಾವು ಸುಮ್ಮನೆ ಹೋಗ್ತಿದ್ವಿ. ನೀವು ಗಾಜಿನ ಹಿಂದೆ ಕೂತು ಇದನ್ನ ಮಾಡ್ತಿದ್ರಾ?”

“ಹೌದು.”

“ಹೌದಂತೆ!” ಗಂಡನ ಕಡೆ ತಿರುಗಿದರು. “ಕೇಳಿಸ್ತಾ? ಹೌದಂತೆ.” ಅವರ ಬಲಗೈಯ ಮೇಲೆ ಇಸ್ತ್ರಿಯ ಹಳೆ ಸುಟ್ಟಗಾಯಗಳು, ಬಿಳಿ ಗೆರೆಗಳು. ಆ ಕೈ ಎತ್ತಿ ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ.

ಕಂಡಕ್ಟರು ನೆಲದಿಂದ ತಲೆ ಎತ್ತಿ ಕೇಳಿದರು, “ದಿನಕ್ಕೆರಡು ಅಂದ್ರೆ… ಬೆಳಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದಾ?”

“ಹೌದು. ತುಂಬ ನೋವಾಗತ್ತೆ.”

“ಅಷ್ಟೊತ್ತೂ ಇಲ್ಲೇ ಬೆಂಚಲ್ಲಿ ಕೂತಿರ್ಬೇಕಲ್ಲ ಹಾಗಾದ್ರೆ.” ಅಷ್ಟೇ ಅಂದರು. ಎದ್ದು ಇವತ್ತಿನ ಸರದಿಗೆ ಒಳಗೆ ಹೋದರು.

ಮೇ 5, ಸೋಮವಾರ

ಕಂಡಕ್ಟರಿಗೆ ಇವತ್ತು ಕೊನೆಯದು. ಶುಕ್ರವಾರದಿಂದ ಮೂಗಿನ ನಳಿಗೆಯಲ್ಲಿ ಊಟ. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿದಿದೆ. ಮಾಸ್ಕ್ ಬಿಗಿಯುವಾಗ ಸದ್ದು ಮಾಡಲಿಲ್ಲ, ದನಿ ಪೂರ್ತಿ ಅಡಗಿದೆ. ಇದು ತಾತ್ಕಾಲಿಕ, ವಾಪಸ್ ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನಾನು ಬೆಂಚಿನ ಹತ್ತಿರ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ.

ಮೇ 8, ಗುರುವಾರ

ಇವತ್ತಿನಿಂದ ರಜೆ. ಎಷ್ಟು ದಿನವೆಂದು ಬರೆದಿಲ್ಲ. ಇವರು ಕ್ಲಾಸುಗಳನ್ನೆಲ್ಲ ಬಿಟ್ಟು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ವೈದ್ಯೆ ನನಗಿಂತ ಚಿಕ್ಕವರು. ನನ್ನ ಕೈ ನೋಡಿದರು, ಫೋನಿನ ಫೋಟೋಗಳನ್ನು ನೋಡಿದರು. ಎರಡು ಸಾವಿರದ ನೂರು ಚಿಲ್ಲರೆ ಇದ್ದವಂತೆ.

“ಇದು ಎಚ್ಚರಿಕೆ ಅಲ್ಲ, ಕಾಯಿಲೆ” ಅಂದರು. ಎರಡೂ ಒಂದೇ ಬಟ್ಟೆ ಹಾಕಿಕೊಂಡು ಬರುತ್ತವೆ, ನನಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದೆ. “ಎಚ್ಚರಿಕೆಗೆ ಸಾಕು ಅನ್ನೋದು ಗೊತ್ತಿರತ್ತೆ” ಅಂದರು. ಚೆನ್ನಾಗಿ ಮಾತಾಡುತ್ತಾರೆ. ಮಾತ್ರೆ ಬರೆದಿದ್ದಾರೆ.

ಇವರು ವಾಪಸ್ ಬರುವಾಗ ಕಾರು ನಿಲ್ಲಿಸಿ ಸ್ಟೀರಿಂಗ್ ಮೇಲೆ ತಲೆಯಿಟ್ಟುಕೊಂಡರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಇವರು ಹಾಗೆ ಕೂತದ್ದನ್ನು ನೋಡಿರಲಿಲ್ಲ.

ಜೂನ್ 16, ಸೋಮವಾರ

ಮಗಳ ಜೊತೆ ಮಾರ್ಕೆಟ್ಟಿಗೆ ಹೋಗಿ ಚಪ್ಪಲಿ ತಂದೆವು. ಎರಡು ಗಂಟೆ ತಿರುಗಿ ಮೊದಲು ನೋಡಿದ್ದನ್ನೇ ತಗೊಂಡಳು. ದಾರಿಯಲ್ಲಿ ಕಾಲೇಜಿನ ಯಾರದೋ ಜಗಳ ಹೇಳುತ್ತಾ ಬಂದಳು. ಅರ್ಧ ತಿಳಿಯಲಿಲ್ಲ. ಆದರೂ ಪೂರ್ತಿ ಕೇಳಿದೆ.

ಇವತ್ತು ಬರೆಯಲು ಇಷ್ಟೇ.

ಆಗಸ್ಟ್ 18, ಸೋಮವಾರ

ಜುಲೈನಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಸಹಿ ಇಬ್ಬರದ್ದು, ನನ್ನದು ಎರಡನೆಯದು. ಬೆಳಗಿನ ಅಳತೆ ದೊಡ್ಡಣ್ಣನ ಎದುರಿಗೇ, ಲೆಕ್ಕದಷ್ಟೇ ಸಲ. ಮುಗಿದ ಕೂಡಲೇ ಅವರು ಉಪಕರಣ ಎತ್ತಿಟ್ಟುಬಿಡುತ್ತಾರೆ, ಮಕ್ಕಳ ಕೈಯಿಂದ ತಟ್ಟೆ ಎತ್ತಿದ ಹಾಗೆ.

ಇವತ್ತು ಕಂಡಕ್ಟರು ಬಂದಿದ್ದರು. ದನಿ ಜೂನಿನಲ್ಲಿ ಸ್ವಲ್ಪ ಬಂದು ಮತ್ತೆ ಒಡೆದಿದೆ. ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಹೋದ ವಾರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರ ಫಲಿತಾಂಶವೂ ಬಂದಿತ್ತು.

ಹೋಗಿಲ್ಲ. ಅಲ್ಲೇ ಇದೆ.

ಇನ್ನುಳಿದದ್ದು ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವ ಉಳಿಯುವ ಸಾಧ್ಯತೆ ಚೆನ್ನಾಗಿದೆ, ಮಾತು ಉಳಿಯುವುದಿಲ್ಲ.

ಡಾಕ್ಟರ ಕೋಣೆಯಿಂದ ಹೊರಬಂದು ಅವರು ನನ್ನ ಬಾಗಿಲಿಗೇ ಬಂದರು. ಹೆಂಡತಿ ಎರಡು ಹೆಜ್ಜೆ ಹಿಂದೆ.

“ಆ ಏಳು ದಿನದಿಂದ ಆಯ್ತಾ ಮೇಡಂ?” ಗಾಳಿಯೇ ಮಾತಾಡಿದ ಹಾಗಿತ್ತು.

ನೂರು ಜನರ ಲೆಕ್ಕ ನಾನು ಹೇಳಬಲ್ಲೆ. ಏಳು ದಿನ ತಪ್ಪಿದರೆ ನೂರರಲ್ಲಿ ಇನ್ನೂ ಎಂಟು ಹತ್ತು ಜನಕ್ಕೆ ಹೀಗಾಗುತ್ತದೆ. ಏಳು ದಿನ ತಪ್ಪದಿದ್ದರೂ ಇಪ್ಪತ್ತು ಜನಕ್ಕೆ ಆಗುತ್ತಿತ್ತು. ನನ್ನ ಎದುರಿಗೆ ನಿಂತವರು ಆ ಇಪ್ಪತ್ತು ಜನರಲ್ಲಿ ಒಬ್ಬರೋ ಈ ಹತ್ತು ಜನರಲ್ಲಿ ಒಬ್ಬರೋ, ಯಾವ ಉಪಕರಣವೂ ಹೇಳುವುದಿಲ್ಲ.

“ಗೊತ್ತಿಲ್ಲ” ಅಂದೆ. “ಆಗಿರಬಹುದು. ಇಲ್ಲ ಅಂತ ನಾನು ಹೇಳೋಕಾಗಲ್ಲ.”

ತಲೆಯಾಡಿಸಿದರು. “ಇಲ್ಲ ಅಂದಿದ್ರೆ ನಂಬ್ತಿರ್ಲಿಲ್ಲ” ಅಂದರು. ಹೆಂಡತಿ ಅವರ ತೋಳು ಹಿಡಿದು ಕರೆದುಕೊಂಡು ಹೋದರು. ನನ್ನ ಕಡೆ ತಿರುಗಲಿಲ್ಲ.

ಸೆಪ್ಟೆಂಬರ್ 3, ಬುಧವಾರ

ಆಪರೇಷನ್ ಬೆಳಗ್ಗೆ ಎಂಟಕ್ಕೆ. ರಜೆ ಹಾಕಿ ಎರಡನೇ ಮಹಡಿಗೆ ಹೋದೆ. ಹೋಗಲೋ ಬೇಡವೋ ಎಂದು ಯಾರನ್ನೂ ಕೇಳಲಿಲ್ಲ. ಕಂಡಕ್ಟರ ಹೆಂಡತಿ ಒಬ್ಬರೇ ಉದ್ದದ ಬೆಂಚಿನಲ್ಲಿ ಕೂತಿದ್ದರು, ಮಡಿಲಲ್ಲಿ ಬಟ್ಟೆಯ ಚೀಲ. ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ, “ಏನೂ ಹೇಳ್ಬೇಡಿ” ಅಂದರು. ಚೀಲವನ್ನು ಮಡಿಲಿಗೆ ಒತ್ತಿಕೊಂಡು, “ನಿಂತ್ಕೊಂಡಿದ್ರೆ ನನಗೆ ತಲೆ ತಿರುಗತ್ತೆ. ಕೂತ್ಕೊಳ್ಳಿ.”

ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ನಾಲ್ಕು ಗಂಟೆ ಕೂತೆವು. ಒಂದು ಸಲ ನಾನು ಟೀ ತಂದೆ, ಕುಡಿಯಲಿಲ್ಲ, ಆರಿಹೋಯಿತು. ಆಮೇಲೆ ಆರಿದ್ದನ್ನೇ ಕುಡಿದರು.

ಚೀಲದಲ್ಲಿ ಎರಡು ಅಂಗಿಗಳಿದ್ದವು. ಕುತ್ತಿಗೆಗೆ ತೂತು ಮಾಡಿರುತ್ತಾರೆ, ತಲೆಯ ಮೇಲಿಂದ ಹಾಕುವ ಬನಿಯನ್ ಆಗುವುದಿಲ್ಲ, ಮುಂದೆ ಗುಂಡಿ ಇರುವ ಅಂಗಿ ತನ್ನಿ ಎಂದು ನರ್ಸ್ ಹೇಳಿದ್ದರಂತೆ. ಇಸ್ತ್ರಿ ಗೆರೆ ಚಾಕುವಿನ ಹಾಗಿತ್ತು. ಅವುಗಳನ್ನು ತೆಗೆದು, ನೋಡಿ, ಮತ್ತೆ ಮಡಚಿ ಒಳಗಿಟ್ಟರು.

“ಬೆಳಗ್ಗೆ ಒಳಗೆ ಹೋಗೋವಾಗ ಏನಾದ್ರೂ ಹೇಳಿ ಅಂದೆ” ಅಂದರು, ನನಗೋ ಗೋಡೆಗೋ. “ಕೊನೇ ಮಾತು ಅಲ್ವಾ, ಏನಾದ್ರೂ ಒಳ್ಳೇದು ಹೇಳಿ ಅಂದೆ. ಬಾಗಿಲು ಸರಿಯಾಗಿ ಹಾಕಿದ್ದೀಯಾ ಅಂತ ಕೇಳಿದ್ರು. ಬೇಜಾರಾಗಿ ಸುಮ್ಮನಾದೆ. ಅಷ್ಟರಲ್ಲಿ ತಳ್ಕೊಂಡು ಹೋದ್ರು.”

ಟೀಯ ಖಾಲಿ ಲೋಟವನ್ನು ಬೆಂಚಿನ ಕೆಳಗೆ ಸರಿಸಿದೆ.

ಹನ್ನೆರಡೂ ಕಾಲಿಗೆ ಸರ್ಜನ್ ಹೊರಬಂದರು. ಎಲ್ಲ ಸರಿಯಾಗಿ ಆಗಿದೆ, ಗೆಡ್ಡೆ ಪೂರ್ತಿ ಬಂದಿದೆ ಅಂದರು. ಮೂರರ ನಂತರ ಒಬ್ಬರು ಒಳಗೆ ಹೋಗಬಹುದು. ಮೂರಕ್ಕೆ ನರ್ಸ್ ಕರೆದಾಗ ಹೆಂಡತಿ ಎದ್ದರು. ಸೀರೆ ಸರಿಮಾಡಿಕೊಂಡರು. ಚೀಲ ಒಳಗೆ ತರುವಂತಿಲ್ಲ ಎಂದರು ನರ್ಸ್. ಅವರು ಆಚೆ ಈಚೆ ನೋಡಿ, ಬೇರೆ ಯಾರೂ ಇಲ್ಲದ್ದಕ್ಕೆ, ಚೀಲವನ್ನು ನನ್ನ ಕೈಗೆ ಕೊಟ್ಟು ಹೋದರು.

ಅರ್ಧ ಗಂಟೆಯ ಮೇಲೆ ಹೊರಬಂದರು. ಕಣ್ಣು ಕೆಂಪಾಗಿತ್ತು. ಬೆಂಚಿನಲ್ಲಿ ಈ ಸಲ ತುದಿಗೆ ಹೋಗಲಿಲ್ಲ, ನಡುವೆಯೇ ಕೂತರು.

“ಎದ್ದಿದ್ದಾರೆ. ನನ್ನ ನೋಡಿದ ತಕ್ಷಣ ಮಾತಾಡೋಕೆ ಹೋದ್ರು. ಮರೆತಿದ್ರೋ ಏನೋ. ಬಾಯಿ ಆಡ್ತು, ತುಂಬ ಹೊತ್ತು ಆಡ್ತು. ಸದ್ದಿಲ್ಲ.”

“ಏನಂದರು?”

“ಯಾರಿಗ್ಗೊತ್ತು.” ಸೆರಗಿನಿಂದ ಮೂಗು ಒರೆಸಿಕೊಂಡರು, ಇದ್ದಕ್ಕಿದ್ದ ಹಾಗೆ ಗಂಟಲಲ್ಲಿ ಒಂದು ನಗು ಬಂತು, ಅಲ್ಲೇ ನಿಂತಿತು. “ಮುಖ ನೋಡಿದ್ರೆ ಯಾರನ್ನೋ ಬೈತಿದ್ದ ಹಾಗಿತ್ತು.”

ಯಾರನ್ನು ಎಂದು ನಾನು ಕೇಳಲಿಲ್ಲ.